ಜೂನ್ ಹದಿನಾರರ ಮಂಗಳವಾರ

ಕುಮಟಾ, ಹಾಸ್ಟೆಲು
5 ಜುಲೈ 2026, ಭಾನುವಾರ

ಪ್ರೀತಿಯ ಅಕ್ಕಾ,

ಇಷ್ಟು ಬರೆಯಲಿಕ್ಕೇ ಎರಡು ಹಾಳೆ ಹರಿದೆ. ಹುಟ್ಟಿದಾಗಿನಿಂದ ನಿನ್ನನ್ನು ಅಣ್ಣ ಅಂದವನು ನಾನು. 'ನನ್ನ ಹೆಸರು ಮಾಲಿನಿ' ಅಂತ ನೀನು ಹೇಳಿ ವರ್ಷವಾಯಿತು. ಒಂದು ಸಲವೂ ಹಾಗೆ ಕರೆಯಲಿಲ್ಲ. 'ಹೋಯ್' ಅಂತ ತಪ್ಪಿಸಿಕೊಂಡೆ. ಫೋನಿನಲ್ಲಾದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಪತ್ರ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನ ಕನ್ನಡ, ಅರ್ಧ ಇಂಗ್ಲಿಷ್. ಅಡ್ಜಸ್ಟ್ ಮಾಡಿಕೋ.

ಮೇ ತಿಂಗಳ ಆ ದಿನ ನೀನು ಮರೆತಿರಲಿಕ್ಕಿಲ್ಲ. ನಿನ್ನ ಆಪರೇಷನ್ ವಿಷಯ ಕೇಳಿದ್ದಕ್ಕೆ ಭಟ್ಕಳದ ಡಾಕ್ಟರು ಹೊನ್ನಾವರಕ್ಕೆ ಹೋಗಿ ಅಂದರು. ಹೊನ್ನಾವರದವರು, "ಇಂಥದ್ದೆಲ್ಲ ಇಲ್ಲಿ ಯಾರೂ ನೋಡೂದಿಲ್ಲ ಮಾರಾಯ" ಎಂದು ಕುಮಟಾಕ್ಕೆ ಕಳಿಸಿದರು. ಕುಮಟಾದಲ್ಲಿ ಇಂಗ್ಲಿಷಿನಲ್ಲಿ ಒಂದು ಚೀಟಿ ಸಿಕ್ಕಿತು. "ಎಂತ ಬರ್ದಿದ್ರು?" ಅಂತ ಕೇಳಿದೆ ನೀನು. ದೊಡ್ಡ ಆಸ್ಪತ್ರೆಗೆ ಹೋಗಿ ಅಂತ, ಯಾವ ಆಸ್ಪತ್ರೆ ಅಂತ ಬರೆದಿಲ್ಲ ಅಂದೆ ನಾನು. "ಮೀನುಂಟು, ಎಲ್ಲಿ ಅಂತ ಹೇಳೂದಿಲ್ಲ ಅಂದಹಾಗೆ ಆತು" ಎಂದು ನೀನು ನಕ್ಕುಬಿಟ್ಟೆ.

ನಾನು ನಗಲಿಲ್ಲ. ಆಸ್ಪತ್ರೆಯ ಸಾಲಿನ ಆಚೆ ನನ್ನ ಹಾಸ್ಟೆಲ್ ರೂಮಿನ ದಿನಕರ ನಿಂತಿದ್ದ. ನೀನು ಮೊದಲ ಸಲ ಹಗಲಲ್ಲಿ ಚೂಡಿದಾರ ಹಾಕಿ ಹೊರಗೆ ಬಂದಿದ್ದೆ. "ಯಾರೋ ಅದು?" ಅಂದ ದಿನಕರ. "ಗೊತ್ತಿಲ್ಲ, ದಾರಿ ಕೇಳ್ತಾ ಇದ್ರು" ಅಂದೆ. ನಿನಗೆ ಕೇಳಿಸಿತು. ಬಸ್‌ಸ್ಟ್ಯಾಂಡಿನ ತನಕ ನೀನಾಗಿಯೇ ಹತ್ತು ಹೆಜ್ಜೆ ಹಿಂದೆ ನಡೆದು ಬಂದೆ. ನಾನು ತಿರುಗಿ ನೋಡಲಿಲ್ಲ.

ನಿನಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ.

ಮಾರನೆ ವಾರ ಮಂಗಳೂರಿನ ಒಂದು ಆಸ್ಪತ್ರೆಗೆ ಫೋನ್ ಹತ್ತಿತು. ಅಮಿತಾ ಅಂತ ಸಿಸ್ಟರ್. ಎಲ್ಲ ಬಿಡಿಸಿ ಹೇಳಿದರು: ಮೊದಲು ಮನಸ್ಸಿನ ಡಾಕ್ಟರು, ಅದಕ್ಕೆ ಮೂರ್ನಾಲ್ಕು ಮಂಗಳವಾರ ಬರಬೇಕು, ಆಮೇಲೆ ಹಾರ್ಮೋನು, ಆಪರೇಷನ್ ಮತ್ತೂ ಆಮೇಲೆ. ಜೂನ್ ಹದಿನಾರಕ್ಕೆ ಡೇಟ್ ಕೊಟ್ಟರು. ಮನೆಯವರು ಒಬ್ಬರು ಜೊತೆಗಿದ್ದರೆ ಒಳ್ಳೆಯದು ಅಂದರು. ಆ ಒಬ್ಬರು ನಾನೇ ಅಂತ ಹೊಳೆಯಿತು. ನಿನಗೆ ಫೋನ್ ಮಾಡಿ, ಈ ಕಡೆ ಎಲ್ಲೂ ಇಲ್ಲವಂತೆ, ಮುಂಬಯಿಗೇ ಹೋಗಬೇಕಂತೆ ಅಂದೆ. "ಆತು ಬಿಡು. ನೀ ಓದು" ಅಂದೆ ನೀನು.

ನೀನು ದುಡಿಯುವ ಮೀನಿನ ಬೋಟು ಮಳೆಗೆ ದಡ ಸೇರುವುದು ಜೂನ್, ಜುಲೈ ಎರಡೇ ತಿಂಗಳು. ಬೋಟು ನಡೆಸುವ ತಾಂಡೇಲ ತಿಮ್ಮಪ್ಪನ ಹತ್ತಿರ ರಜೆ ಬೇಡದೆ ನೀನು ಓಡಾಡಬಹುದಾದದ್ದೂ ಅಷ್ಟೇ. ಅದಕ್ಕಾಗಿ ನೀನು ಹತ್ತು ತಿಂಗಳು ಕಾದಿದ್ದೆ. ಹದಿನಾರರಂದು ನಾನೇ ಮನೆಗೆ ಫೋನ್ ಮಾಡಿ ನೀನೆಲ್ಲಿ ಅಂತ ಕೇಳಿದ್ದೆ. "ಬಂದರಲ್ಲಿ ಬಲೆ ಹೊಲೀತಾ ಕೂತದೆ, ಬೆಳಗ್ಗೆಯಿಂದ ಒಂದು ತುತ್ತು ತಿನ್ಲಿಲ್ಲ" ಅಂದಳು ಅಮ್ಮ. ನಾನು ಎಕ್ಸಾಮ್ ಇದೆ ಅಂತ ಫೋನ್ ಇಟ್ಟುಬಿಟ್ಟೆ.

ಮೊನ್ನೆ ಮತ್ತೆ ಆಸ್ಪತ್ರೆಗೆ ಕರೆ ಮಾಡಿದೆ. "ಮಾಲಿನಿ ಬರ್ಲೇ ಇಲ್ಲ ಅಲ್ವಾ, ನಾವು ಕಾದೆವು" ಅಂದರು ಅಮಿತಾ ಸಿಸ್ಟರ್. ನಿನ್ನ ಮುಖವನ್ನೇ ನೋಡದವರು ನಿನ್ನ ಹೆಸರು ನೆನಪಿಟ್ಟಿದ್ದರು. ಜ್ವರ ಬಂದಿತ್ತು ಅಂತ ಇನ್ನೊಂದು ಸುಳ್ಳು ಹೇಳಿದೆ.

ಹೊಸ ಡೇಟ್ ಜುಲೈ ಹದಿನಾಲ್ಕು. ಬೋಟು ಮತ್ತೆ ಕಡಲಿಗೆ ಇಳಿಯುವುದರೊಳಗೆ ಮೂರು ಮಂಗಳವಾರ ಉಳಿದಿವೆ. ನಾಲ್ಕನೆಯದು ಬೇಕಾದರೆ ತಿಮ್ಮಪ್ಪನ ಹತ್ತಿರ ನಾನೇ ರಜೆ ಕೇಳುತ್ತೇನೆ. ಬೆಳಗಿನ ರೈಲಿಗೆ ಕುಮಟಾದಲ್ಲಿ ಹತ್ತಿ, ಭಟ್ಕಳ ಸ್ಟೇಷನ್ನಿನಲ್ಲಿ ಬಾಗಿಲ ಹತ್ತಿರ ನಿಂತಿರುತ್ತೇನೆ. ನಾನು ಬೇಡ ಅನಿಸಿದರೆ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು. ಆಸ್ಪತ್ರೆಯ ನಂಬರು ಹಿಂದಿನ ಪುಟದಲ್ಲಿದೆ. ನಿನಗೆ ಅದನ್ನು ಮೇ ತಿಂಗಳಲ್ಲೇ ಕೊಡಬೇಕಿತ್ತು.

ನಿನ್ನ ಮುಖ ನೋಡಲು ಹೆದರುತ್ತಿರುವ ತಮ್ಮ,
ಸುಹಾಸ

ವಿ.ಸೂ.: ಜೊತೆಗೆ ಬರುವವರು ಏನಾಗಬೇಕು ಅಂತ ಸಿಸ್ಟರ್ ಕೇಳಿದಾಗ ತಮ್ಮ ಅಂದೆ. ಧೈರ್ಯ ಅಂದುಕೊಳ್ಳಬೇಡ, ದಿನಕರ ಸ್ನಾನಕ್ಕೆ ಹೋಗುವ ತನಕ ಕಾದು ಹೇಳಿದ್ದು. ಪರೀಕ್ಷೆ ಮುಗಿಸಿ ಅವನೂ ಹದಿನಾಲ್ಕಕ್ಕೆ ಅದೇ ರೈಲಿನಲ್ಲಿ ಬೈಂದೂರಿಗೆ ಹೋಗುತ್ತಾನೆ. ನಿನ್ನೆ ಪೂರ್ತಿ ಬೇರೆ ರೈಲು ಹುಡುಕಿದೆ. ಒಂದು ಸಿಕ್ಕಿತು ಕೂಡ. ಆದರೂ ಇದೇ ರೈಲಿಗೆ ಬರುತ್ತೇನೆ. ನೀನು ಆ ಚೂಡಿದಾರವನ್ನೇ ಹಾಕಿಕೊಂಡು ಬಾ.