ಎಡಚ ಸವಾರ

ಒಹಾಯೊ
ಅಕ್ಟೋಬರ್ 14, 1954

ಪ್ರೀತಿಯ ಅಪ್ಪ,

ಪರೀಕ್ಷೆ ಮುಗಿಯುವವರೆಗೆ ಪತ್ರ ಬೇಡ, ಓದಿಕೋ ಎಂದಿದ್ದಿರಿ. ಮಾತು ಮೀರಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆರೋಗ್ಯವಾಗಿದ್ದೇನೆ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳಿಗೆ ಇಲ್ಲಿಯ ಸಪ್ಪೆ ಬೀನ್ಸ್ ಹೊಸತೇನಲ್ಲ. ಲ್ಯಾಟಿನ್ ಮಾತ್ರ ಹೆದರಿಸುತ್ತಿದೆ.

ಶನಿವಾರ ನಮ್ಮ ಹಾಸ್ಟೆಲಿನ ಅಂಗಳದಲ್ಲಿ ಕಾಮಿಕ್ ಪುಸ್ತಕಗಳನ್ನು ಸುಡುತ್ತಾರೆ. ಅವನ್ನು ಓದಿದ ಮಕ್ಕಳು ಕೆಡುತ್ತಾರಂತೆ. ಮನೆಮನೆಗೆ ಹೋಗಿ ಪುಸ್ತಕ ಸಂಗ್ರಹಿಸುತ್ತಿರುವವಳು ನನ್ನ ಕೋಣೆಯ ಲೊರೇನ್. ನಿನ್ನೆ ನನ್ನ ಟ್ರಂಕನ್ನೂ ತೆರೆದಳು. ಅದರ ತುಂಬ ನಿಮ್ಮ ‘ಬೂದು ಮುಸುಕಿನ ಸವಾರ’ ಕಾಮಿಕ್‌ನ ಸಂಚಿಕೆಗಳು.

“ಏನಮ್ಮಾ ಮಹಾರಾಣಿ, ನಿಮ್ಮ ಇಂಗ್ಲೆಂಡಲ್ಲಿ ಹುಡುಗೀರು ಇದನ್ನೇ ಓದೋದಾ?” ಎಂದಳು. ಅಮ್ಮ ಆ ದೇಶದವಳೆಂದು ತಿಳಿದಂದಿನಿಂದ ನನಗೆ ಇಲ್ಲಿ ಅದೇ ಹೆಸರು.

“ಮುಟ್ಟಬೇಡ. ಈ ಚಿತ್ರ ಬರೆಯೋರು ನಮ್ಮಪ್ಪ,” ಎಂದೆ.

“ಹೌದಾ? ಎಲ್ಲಿ, ಹೆಸರು ತೋರಿಸೇ!”

ಹೆಸರೆಲ್ಲಿಂದ ತರಲಿ? ಚಿತ್ರ ಬರೆದವರ ಹೆಸರನ್ನು ನಿಮ್ಮ ಕಂಪನಿ ಯಾವತ್ತು ಅಚ್ಚು ಹಾಕಿದೆ? “ಇವನು ಪಿಸ್ತೂಲು ಹಿಡಿಯೋದು ಎಡಗೈಲಿ. ನಮ್ಮಪ್ಪ ಎಡಚರು, ಅದಕ್ಕೇ ಇವನೂ ಎಡಚ. ನೋಡು ಬೇಕಾದ್ರೆ,” ಎಂದು, ಪರೀಕ್ಷೆಯ ಭಯಕ್ಕೆ ಓದದೆ ಇಟ್ಟಿದ್ದ ಈ ತಿಂಗಳ ಸಂಚಿಕೆಯನ್ನು ಅವಳ ಮುಂದೆ ಬಿಡಿಸಿದೆ.

ಪುಟಪುಟದಲ್ಲೂ ಪಿಸ್ತೂಲು ಬಲಗೈಯಲ್ಲಿತ್ತು.

“ಅಯ್ಯೋ, ನಿಮ್ಮಪ್ಪಂಗೆ ಕೈ ಅದಲುಬದಲಾಯ್ತೇನೇ?” ಎಂದಳು. ಕೋಣೆಯೆಲ್ಲ ನಕ್ಕಿತು.

ನಗಲಿ. ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದೇನೆ. ಶನಿವಾರ ಟ್ರಂಕನ್ನು ಅಂಗಳಕ್ಕೆ ಎಳೆದು, ಬೆಂಕಿಯ ಎದುರೇ ಅದರ ಮೇಲೆ ಕೂರುತ್ತೇನೆ. ವಾರ್ಡನ್‌ಗೂ ಹೇಳಿಬಿಟ್ಟೆ. “ಹಾಸ್ಟೆಲ್ ಬಿಡಬೇಕಾಗುತ್ತೆ, ಹುಷಾರು” ಎಂದರು. “ಬಿಡಿಸಿ ಮೇಡಂ” ಎಂದೆ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ರೋವೀನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಸಂಚಿಕೆಯ ಚಿತ್ರಗಳು ನಿಮ್ಮ ಕೈಯವಲ್ಲ. ಬೇಸಿಗೆಯಿಂದ ನಿಮ್ಮ ಪತ್ರಗಳೆಲ್ಲ ಟೈಪ್ ಮಾಡಿದವೇ. ಅಂಚಿನಲ್ಲಿ ಕುದುರೆ ಗೀಚುವುದನ್ನೂ ಬಿಟ್ಟಿದ್ದೀರಿ. ಹೊಸ ಯಂತ್ರದ ಹುಚ್ಚು ಎಂದುಕೊಂಡು ನಕ್ಕಿದ್ದೆ. ಅಪ್ಪ, ನಿಮ್ಮ ಎಡಗೈಗೆ ಏನಾಗಿದೆ? ಬಲಗೈಯಲ್ಲಾದರೂ ಸರಿ, ಸೊಟ್ಟಸೊಟ್ಟಾಗಿ ಒಂದು ಕುದುರೆ ಗೀಚಿ, ಬೇಗ ಉತ್ತರ ಕಳಿಸಿ.