ನೆನೆಸಿದ ಇಟ್ಟಿಗೆ ಬಿಲ್ಲೆಗಳು

ತೂಬಗೆರೆ
೨೦ ಜೂನ್ ೨೦೨೪

ಮಗ ಮುರಳಿಗೆ ನಿನ್ನಪ್ಪನ ಆಶೀರ್ವಾದ.

ಕೆಮ್ಮು ಹೇಗಿದೆ? ಜೈಲಿನ ನೆಲ ತಣ್ಣಗಿರುತ್ತದಂತೆ, ಕಂಬಳಿ ಮಡಿಸಿ ಹಾಸಿಕೋ. ನಿನ್ನವ್ವ ದಿನಾ ನಿನ್ನ ತಟ್ಟೆಗೂ ಒಂದು ಮುದ್ದೆ ಇಟ್ಟು, ಆಮೇಲೆ ಎತ್ತಿ ಹಸುವಿಗೆ ಹಾಕುತ್ತಾಳೆ. ಯಶಸ್ವಿನಿಯ ಬೋಳುತಲೆಯಲ್ಲಿ ಕೂದಲು ಚಿಗುರಿದೆ. ಮುಳ್ಳುಮುಳ್ಳಾಗಿದೆ ನೋಡು ತಾತ ಅಂತ ನನ್ನ ಕೈಯಲ್ಲೇ ಸವರಿಸಿಕೊಳ್ಳುತ್ತಾಳೆ, ಕಳ್ಳಿ. ಅಪ್ಪ ಎಲ್ಲಿ ಅಂದರೆ ಸೈಟಿನಲ್ಲಿದ್ದಾರೆ ಅನ್ನುತ್ತಾಳೆ ಮಾನಸ. ನಿನ್ನ ಹೆಂಡತಿ ಗಟ್ಟಿಗಿತ್ತಿ ಕಣೋ, ನನ್ನೆದುರು ಒಂದು ದಿನವೂ ಅತ್ತಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮೊನ್ನೆ ದೇವನಹಳ್ಳಿಯ ಆ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಗೋಡೆಗೆ ಹಸಿರು ಪರದೆ ಕಟ್ಟಿದ್ದಾರೆ. ನಾಲ್ಕನೇ ಮಹಡಿಯಲ್ಲಿ ನಾವು ಅಂದಕ್ಕೆಂದು ಅಂಟಿಸಿದ್ದ ಇಟ್ಟಿಗೆ ಬಿಲ್ಲೆಗಳು ಕಳಚಿಕೊಂಡ ಜಾಗ ಒಂದು ಬಾಗಿಲಿನಷ್ಟಿದೆ. ಕೆಳಗೆ ಗಿಡಕ್ಕೆ ನೀರು ಬಿಡುತ್ತಿದ್ದ ಭಾಗ್ಯಮ್ಮ ಅವು ತಲೆ ಮೇಲೆ ಬಿದ್ದು ಸತ್ತಲ್ಲಿ ಮರಳು ಸುರಿದಿದ್ದಾರೆ. ಪಾಪ, ನನ್ನನ್ನು ಕಂಡಾಗಲೆಲ್ಲ "ಟೀ ಆಯ್ತಾ ಯಜಮಾನ್ರೇ" ಅನ್ನುತ್ತಿದ್ದಳು. ಮೂಲೆಯಲ್ಲಿ ಬಿದ್ದಿದ್ದ ಒಂದು ಬಿಲ್ಲೆ ಎತ್ತಿ ಹಿಂಬದಿ ನೋಡಿದೆ. ಅಂಟು ಚೂರೂ ಹಿಡಿದಿಲ್ಲ, ತೊಳೆದಿಟ್ಟ ಹಾಗಿದೆ.

ನೀನು ಬೇಡ ಅಂದಿದ್ದೆ. ಮಗುವಿನ ಮುಡಿ ಕೊಡಲು ಘಾಟಿ ದೇವಸ್ಥಾನಕ್ಕೆ ಹೊರಟವನು ಬೈಕ್ ನಿಲ್ಲಿಸಿ, "ಅಪ್ಪಾ, ಇವು ಇಟ್ಟಿಗೆ ಅಲ್ಲ, ಬರೀ ಬಿಲ್ಲೆ. ನೆನೆಸ್ಬೇಡ, ಒಣಗಿರೋವಾಗ್ಲೇ ಅಂಟಿಸ್ಬೇಕು, ಅಂಟಿನ ಮೂಟೆ ಮೇಲೆ ಬರೆದವ್ರೆ" ಅಂದಿದ್ದೆ. ನಲವತ್ತು ವರ್ಷ ಕರಣೆ ಹಿಡಿದವನಿಗೆ ಮೂಟೆ ಪಾಠ ಹೇಳಬೇಕೇ ಅಂತ ನನಗೆ ರೇಗಿತು. ಒಣ ಇಟ್ಟಿಗೆ ಗಾರೆಯ ನೀರೆಲ್ಲ ಕುಡಿದುಬಿಡುತ್ತದೆ, ನೆನೆಸದೆ ಕಟ್ಟುವವನು ಕೆಲಸಗಾರನೇ ಅಲ್ಲ ಅಂತ ನಮ್ಮಪ್ಪ ಕಲಿಸಿದ್ದ. ನೀನು ಅತ್ತ ಹೋದ ಮೇಲೆ ಡ್ರಮ್ಮಿಗೆ ನೀರು ತುಂಬಿಸಿ ಅಷ್ಟನ್ನೂ ಮುಳುಗಿಸಿದೆ. ಎರಡು ದಿನ ಸಾರುವೆ ಮೇಲೆ ನಿಂತು, ನೀರು ತೊಟ್ಟಿಕ್ಕುತ್ತಿದ್ದ ಬಿಲ್ಲೆಗಳನ್ನೇ ಅಂಟಿಸಿದೆ. ನೀನು ಬಂದು ಕೇಳಿದಾಗ ಒಣಗಿದ್ದವನ್ನೇ ಹಾಕಿದೆ ಅಂತ ಸುಳ್ಳು ಹೇಳಿದೆ.

ಸತ್ಯ ನಿನಗೆ ಗೊತ್ತಾದದ್ದು ಭಾಗ್ಯಮ್ಮ ಸತ್ತ ದಿನ. ಆಗಲಾದರೂ ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೇನೋ? ಅದು ಬಿಟ್ಟು, "ನೆನೆಸಲು ಅಪ್ಪನಿಗೆ ನಾನೇ ಹೇಳಿದ್ದೆ" ಅಂತ ತಪ್ಪು ನಿನ್ನ ಮೇಲೆ ಹಾಕಿಕೊಂಡು ಪೊಲೀಸರಿಗೆ ಬರೆದುಕೊಟ್ಟೆಯಲ್ಲ, ನಿನಗೆ ಬುದ್ಧಿ ಇದೆಯೇ? ಅಪ್ಪನಿಗೆ ವಯಸ್ಸಾಯಿತು ಅಂತ ಕನಿಕರವೋ? ಆ ಕನಿಕರ ನನ್ನನ್ನು ದಿನಾ ತಿನ್ನುತ್ತಿದೆ. ಠಾಣೆಗೆ ಎರಡು ಸಲ ಹೋದೆ. "ಮಗನ್ನ ಬಿಡಿಸ್ಕೊಳ್ಳೋಕೆ ಕತೆ ಕಟ್ತೀಯಾ? ನಡಿ ಅಜ್ಜ ಮನೆಗೆ" ಅಂದರು. ನಮ್ಮ ಲಾಯರ್ ಗೋವಿಂದರಾಜು ಕೂಡ ಬಾಯಿ ಮುಚ್ಚಿಕೊಂಡಿರಿ ಅನ್ನುತ್ತಾರೆ. ನನ್ನ ಮಾತು ಯಾರಿಗೂ ಬೇಡವಾಗಿದೆ ಮಗನೇ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅವ್ವ, ಮಾನಸ, ಮಗು ಎಲ್ಲರೂ ಕೇಳಿದರೆಂದು ತಿಳಿ.

ನಿನ್ನ ಅಪ್ಪ,
ವೆಂಕಟರಾಯಪ್ಪ ಬಿನ್ ಹನುಮಂತರಾಯಪ್ಪ, ೬೮ ವರ್ಷ, ಗಾರೆ ಕೆಲಸ

ಮರೆತಿದ್ದೆ: ಅಲ್ಲಿ ಕಾಗದಗಳನ್ನು ಮೊದಲು ಜೈಲಿನವರು ಒಡೆದು ಓದುತ್ತಾರೆಂದು ಮಾನಸ ಹೇಳಿದಳು. ಗೊತ್ತಿದ್ದೇ ಬರೆದಿದ್ದೇನೆ. ಓದುತ್ತಿರುವ ಸ್ವಾಮಿಗಳೇ, ಈ ಕಾಗದ ನನ್ನ ಮಗನಿಗೆ ಸಿಗದಿದ್ದರೂ ಚಿಂತೆಯಿಲ್ಲ. ದಯವಿಟ್ಟು ಜಡ್ಜ್ ಸಾಹೇಬರಿಗೆ ತಲುಪಿಸಿ.