ಮೆಟ್ಟಿಲ ದೀಪದ ಎರಡು ಸ್ವಿಚ್ಚುಗಳು

ಮಾರ್ಚ್ 3, ಸೋಮವಾರ. ಬೆಳಗ್ಗೆ 7
ಹಾಲು ತಡ. ಪೇಪರಿನ ಮೊದಲ ಪುಟದಲ್ಲೇ ನಾಲ್ಕು ತಪ್ಪು. ಸಂಪಾದಕರಿಗೆ ಕಾರ್ಡು ಬರೆದೆ, ಈ ವರ್ಷದ ಹನ್ನೊಂದನೆಯದು. ಉತ್ತರ ಬರುವುದಿಲ್ಲ. ನಾನು ಬರೆಯುವುದೂ ನಿಲ್ಲುವುದಿಲ್ಲ.
ಮೆಟ್ಟಿಲ ದೀಪ ಮತ್ತೆ ಮಿಣುಕುತ್ತಿದೆ. ಮಗು ನಿನ್ನೆ ಎಡವಿದಳು. ತಮ್ಮನ ಮಗಳಿಗೆ ಇಪ್ಪತ್ತಾರು ತುಂಬಿತು, ನನ್ನ ಬಾಯಲ್ಲಿ ಇನ್ನೂ ಮಗುವೇ. ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿದೆ.

ಮಾರ್ಚ್ 4. ಮಧ್ಯಾಹ್ನ
ಬಂದ. ಬಡಗಿ ಪೆನ್ಸಿಲ್ ಸಿಕ್ಕಿಸುವ ಹಾಗೆ ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಾನೆ. ಕೆಳಗಿನ ಸ್ವಿಚ್ ಬಿಚ್ಚಿದ, ಮೇಲಿನದು ಬಿಚ್ಚಿದ. ದೀಪ ಆರಿಸಿ ಹೋಲ್ಡರಿನ ಒಂದು ಪಿನ್ನಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಹೊತ್ತಿತು. ಇನ್ನೊಂದು ಪಿನ್ನಿಗೆ ಇಟ್ಟ. ಅಲ್ಲೂ ಹೊತ್ತಿತು.
"ಈ ಕೆಲಸ ಮಾಡಿದವನಿಗೆ ಕೊರಳಿಗೆ ಹಾರ, ಕೈಗೆ ಬೇಡಿ, ಎರಡೂ ಹಾಕಬೇಕು ಸಾರ್."
ವಿವರಿಸಿದ. ಕೆಳಗಿಂದ ಮೇಲಕ್ಕೆ ವೈರ್ ಎಳೆಯುವ ಕಷ್ಟ ಬೇಡವೆಂದು, ಕೆಳಗಿನ ಸ್ವಿಚ್ಚಿಗೆ ಕೆಳಗಿನ ಬೋರ್ಡಿಂದ, ಮೇಲಿನದಕ್ಕೆ ಮೇಲಿನ ಕೋಣೆಯ ಬೋರ್ಡಿಂದ ಕರೆಂಟ್ ಬರುವ ಫೇಸು, ವಾಪಸು ಹೋಗುವ ನ್ಯೂಟ್ರಲ್ ಎರಡನ್ನೂ ಕೊಟ್ಟಿದ್ದಾರೆ. ಬಲ್ಬು ನಡುವೆ. ಒಂದು ಸ್ವಿಚ್ ಫೇಸು, ಇನ್ನೊಂದು ನ್ಯೂಟ್ರಲ್ ಕೊಟ್ಟರೆ ಉರಿಯುತ್ತದೆ. ಎರಡೂ ನ್ಯೂಟ್ರಲ್ ಕೊಟ್ಟರೆ ಆರುತ್ತದೆ. ಎರಡೂ ಫೇಸು ಕೊಟ್ಟರೂ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆಗ ಕೈ ಹಾಕಿದವನ ಕತೆ ಮುಗಿಯಿತು. ಸರಿಯಾಗಬೇಕಾದರೆ ಗೋಡೆ ಒಡೆಯಬೇಕು, ಅಲ್ಲಿಯವರೆಗೆ ಹೋಲ್ಡರ್ ಮುಟ್ಟಬೇಡಿ ಎಂದ.
ಅವನಿಗೇನು ಗೊತ್ತು... ಇಪ್ಪತ್ತೊಂದು ವರ್ಷದ ಹಿಂದೆ ತಮ್ಮ ಇಲ್ಲೇ ಸ್ಟೂಲ್ ಮೇಲೆ ನಿಂತು ಸಡಿಲ ಹೋಲ್ಡರ್ ಬಿಗಿ ಮಾಡುತ್ತಿದ್ದ. ಅವನ ಹೆಂಡತಿ ಕೆಳಗಿನ ಸ್ವಿಚ್ಚಿನ ಬಳಿ. ಕರೆಂಟ್ ಹೊಡೆದು ಬಿದ್ದವನು ಏಳಲಿಲ್ಲ. ಆರಿಸಿದೆ, ಆರಿದ್ದನ್ನು ಕಣ್ಣಾರೆ ನೋಡಿದೆ ಎಂದು ಅವಳು ಆಣೆ ಇಟ್ಟಳು. ಯಾರೂ ನಂಬಲಿಲ್ಲ.
ಯಾರು ಹಾಕಿದ್ದು ಸಾರ್ ಎಂದ. ಯಾವನೋ ಕಂಟ್ರಾಕ್ಟರ್ ಎಂದೆ. ಅವನಿಗೆ ಲೈಸೆನ್ಸ್ ಕೊಟ್ಟವರ್ಯಾರು? ತಪಾಸಣೆ ಮಾಡಿ ಸಹಿ ಹಾಕಿದವರ್ಯಾರು? ಒಬ್ಬೊಬ್ಬರ ಮೇಲೂ ಬರೆಯುತ್ತೇನೆ. ಇದು ಕೊಲೆ. ಬಿಡುವುದಿಲ್ಲ.

ಮಾರ್ಚ್ 12
ಏಳು ದಿನ ಬರೆಯಲಿಲ್ಲ.
ಕಂಟ್ರಾಕ್ಟರ್ ಎಂದದ್ದು ಸುಳ್ಳು. ಯಾರೂ ಓದದ ಈ ಡೈರಿಯಲ್ಲೂ ಸುಳ್ಳು ಬರೆದೆ.
ಮೇಲಿನ ಸ್ವಿಚ್ ಕೂರಿಸಿ ವೈರ್ ಎಳೆದದ್ದು ನಾನು. ಲೈಬ್ರರಿಯ ಪುಸ್ತಕ ಮುಂದಿಟ್ಟುಕೊಂಡು, ಎರಡು ಭಾನುವಾರ. ಚಿತ್ರದಲ್ಲಿದ್ದಂತೆ ಮಾಡಲು ಗೋಡೆ ಒಡೆಯಬೇಕಿತ್ತು. ಒಡೆಯದೆ ಮುಗಿಸುವ ಉಪಾಯ ನನ್ನ ಸ್ವಂತದ್ದು. ತಮ್ಮ ಶಹಬ್ಬಾಸ್ ಅಂದಿದ್ದ.
ಅವನು ಸತ್ತ ಮೇಲೆ ನೆಂಟರೆಲ್ಲರ ಮುಂದೆ ತರ್ಕ ಹೇಳಿದವನೂ ನಾನೇ — ಆರಿಸಿದ್ದರೆ ಕರೆಂಟ್ ಎಲ್ಲಿಂದ ಬರುತ್ತದೆ? ಅಮ್ಮ ಆ ಮಾತನ್ನೇ ಹಿಡಿದಳು. ಸೊಸೆ ಮನೆ ಬಿಟ್ಟಳು. ಐದು ವರ್ಷದ ಮಗು ಇಲ್ಲೇ ಉಳಿಯಿತು. ನಿಮ್ಮಮ್ಮನೇ ಸ್ವಿಚ್ ಒತ್ತಿದ್ದು ಎಂದು ಹೇಳಿ ಹೇಳಿ ಅಮ್ಮ ಬೆಳೆಸಿದಳು. ನಾನು ಬಾಯಿ ಮುಚ್ಚಿಕೊಂಡು ಬೆಳೆಸಿದೆ. ಮಗು ಇವತ್ತಿಗೂ ಹೆತ್ತವಳ ಜೊತೆ ಮಾತಾಡುವುದಿಲ್ಲ.

ಮಾರ್ಚ್ 15, ಶನಿವಾರ
ತಮ್ಮನ ಹೆಂಡತಿಯ ಹೊಲಿಗೆ ಅಂಗಡಿಗೆ ಹೋದೆ. ಕೂತ್ಕೊಳ್ಳಿ ಅನ್ನಲಿಲ್ಲ. ನೀನು ಆರಿಸಿದ್ದು ನಿಜ ಎಂದೆ. ಮಷಿನ್ ನಿಲ್ಲಲಿಲ್ಲ. ತಪ್ಪು ವೈರಿಂಗಿನದು, ಹಳೇ ಮನೆ ನೋಡು ಎಂದೆ. ಆಗ ನಿಲ್ಲಿಸಿದಳು.
"ಮೇಲಿನ ಸ್ವಿಚ್ ಕೂರಿಸುವಾಗ ನಿಮಗೆ ಟಾರ್ಚ್ ಹಿಡಿದವಳು ನಾನೇ ಅಲ್ವಾ ಭಾವ?"
ಹಾಗಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ. ನಾಚಿಕೆಗೆಟ್ಟ ಪ್ರಶ್ನೆ. ಅವಳಿಗೆ ವೈರಿನ ಲೆಕ್ಕ ತಿಳಿಯುತ್ತಿರಲಿಲ್ಲವಂತೆ. ಓದಿದ ಭಾವ ಹೇಳಿದ ಮೇಲೆ ಸರಿಯಿರಬೇಕು ಅಂದುಕೊಂಡಳಂತೆ. ಎಷ್ಟೋ ವರ್ಷ ತನ್ನ ಕೈಯನ್ನೇ ನಂಬಲಿಲ್ಲವಂತೆ. ಈಗಲೂ ಸ್ವಿಚ್ ಆರಿಸಿ ಎರಡೆರಡು ಸಲ ನೋಡುತ್ತಾಳಂತೆ.
ದಾರ ಕಚ್ಚಿ ತುಂಡು ಮಾಡಿದಳು.
"ನನಗೆ ಹೇಳಿ ಏನು ಬಂತು? ನನ್ನ ಮಗಳಿಗೆ ಹೇಳಿ."

ಮಾರ್ಚ್ 16, ಭಾನುವಾರ. ಸಂಜೆ 6.30
ಎಲೆಕ್ಟ್ರಿಷಿಯನ್ ಹಳೇ ವೈರ್ ಕಿತ್ತು, ಸ್ವಿಚ್ಚುಗಳನ್ನು ಹಾಗೇ ಬಿಟ್ಟು ಹೋದ. ಹೊಸದು ನಾಳೆ. ಗೋಡೆ ಕೊನೆಗೂ ಒಡೆಯಿತು.
ಕಂಡವರ ತಪ್ಪೆಲ್ಲ ಬಾಯಿಪಾಠ ಇರುವವನಿಗೆ ಒಂದು ವಾಕ್ಯ ಕೂಡಿ ಬರುತ್ತಿಲ್ಲ. ಮಗುವಿಗೆ ಏನು ಹೇಳಬೇಕೆಂದು ಮೂರು ಸಲ ಬರೆದು ನೋಡಿದೆ. ಮೂರರಲ್ಲೂ ತಪ್ಪು ವೈರಿನದು. ಹೊಡೆದುಹಾಕಿದೆ. ಹೇಳಿದ ಮೇಲೆ ಅವಳು ಈ ಮನೆಯಲ್ಲಿ ಇರುತ್ತಾಳೆಯೇ... ಯಾಕೆ ಇರಬೇಕು?
ಗೇಟಿನ ಸದ್ದು. ಕೆಳಗೆ ಸ್ವಿಚ್ ಒತ್ತುತ್ತಿದ್ದಾಳೆ. ಟಕ್. ಟಕ್.
"ದೊಡ್ಡಪ್ಪ, ದೀಪ ಹತ್ತಲ್ವಲ್ಲ... ಯಾರು ಏನು ಮಾಡಿದ್ರು?"
ಮೇಲೆ ಬಾ, ಹೇಳ್ತೀನಿ ಎಂದೆ.
ಗೋಡೆ ಹಿಡಿದು ಹತ್ತುತ್ತಿದ್ದಾಳೆ. ಹದಿನಾಲ್ಕು ಮೆಟ್ಟಿಲು. ಬಾಯಿ ತೆರೆದ ಕೂಡಲೇ ನಾನೇ ಎಂದುಬಿಡಬೇಕು. ಹಳೇ ಮನೆ ಅನ್ನಬಾರದು. ವೈರಿಂಗ್ ಅನ್ನಬಾರದು. ಮೊದಲು ನಾನೇ, ಆಮೇಲೆ ಉಳಿದ—